ಗೋಣಿ ಗುಡಾರದ ಭಾನುವಾರಗಳು

ಬಯಲಿನಲ್ಲಿ ಬಿದ್ದಿದ್ದ ಗೋಣಿಚೀಲದ ರಾಶಿಯೊಂದು ಸೀನಿತು. ನನ್ನ ಪ್ರೇಮ ಶುರುವಾದದ್ದು ಹಾಗೆ. ಇದಕ್ಕಿಂತ ಚಂದವಾಗಿ ಶುರುವಾಗಿದ್ದರೆ ನಾನೇಕೆ ಮುಚ್ಚಿಡುತ್ತಿದ್ದೆ?

1958ರ ಮಾರ್ಚ್ ತಿಂಗಳು. ನಾನು ಊರಿಗಾಂನ ಪ್ರೈಮರಿ ಸ್ಕೂಲಿನಲ್ಲಿ ಟೀಚರ್. ಅಂದು ಭಾನುವಾರ, ಗೆಳತಿಯ ಮನೆಯಿಂದ ಅಡ್ಡದಾರಿಯಲ್ಲಿ ಬರುತ್ತಿದ್ದೆ. ಗಣಿಯ ಕಲ್ಲನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಬೆಟ್ಟದಷ್ಟೆತ್ತರ ಸುರಿದಿದ್ದರಲ್ಲ, ಅದಕ್ಕೆ ನಾವು ಸೈನೈಡ್ ದಿಬ್ಬ ಅನ್ನುತ್ತಿದ್ದೆವು. ಆ ದಿಬ್ಬದ ಬುಡದಲ್ಲೇ ಆ ಗೋಣಿರಾಶಿ ಇದ್ದದ್ದು.

"ಅಯ್ಯೋ ದೇವ್ರೇ!" ಎಂದು ನಾನು ಕಿರುಚಿದ ರಭಸಕ್ಕೆ ಎದುರಿನ ನೆಲದಿಂದ ಒಂದು ಹಕ್ಕಿ ಅರಚಿಕೊಂಡು ಮೇಲೆದ್ದಿತು. ಗೋಣಿಯೊಳಗಿಂದ ಮೊದಲು ಕ್ಯಾಮೆರಾ ಹಿಡಿದ ಒಂದು ಕೈ ಬಂತು, ಆಮೇಲೆ ಬೆವರಿನಲ್ಲಿ ತೊಯ್ದ ತಲೆ.

"ಮೂರು ಗಂಟೆ! ಮೂರು ಗಂಟೆಯಿಂದ ಉಸ್ರು ಬಿಗಿ ಇಡ್ಕೊಂಡು ಕೂತಿದ್ದೀನಿ. ಈಗ್ತಾನೆ ಮೊಟ್ಟೆ ಅತ್ರ ಬಂದಿತ್ತು!"

"ಸೀನಿದ್ದು ಯಾರ್ರೀ? ನಾನಾ?"

ಅವನು ಮೂಗು ಒರೆಸಿಕೊಂಡು ಬಹಳ ವಿನಯದಿಂದ ಹೇಳಿದ: "ತಪ್ಪು ನಂದೇ. ಆದ್ರೂ ಒಂದು ಉಪಕಾರ ಮಾಡಿ. ನನ್ ಜೊತೆ ಈ ಗುಡಾರದೊಳಗೆ ಬಂದು, ಒಂದು ನಿಮಿಷ ಇದ್ದು, ನನ್ನ ಬಿಟ್ಟು ಓಗ್ಬಿಡಿ."

"ಇಷ್ಟುದ್ದ ಬೆಳೆದಿದ್ದೀರಿ. ಒಬ್ರೇ ಕೂರೋಕೆ ಭಯಾನಾ?"

"ಭಯ ಅದಕ್ಕೆ, ನಂಗಲ್ಲ. ಇಬ್ರು ಒಳಗೋದದ್ದು ನೋಡುತ್ತೆ. ಒಬ್ರು ಒರಗೆ ಬಂದು ನಡ್ಕೊಂಡು ಓದದ್ದು ನೋಡುತ್ತೆ. ಎಲ್ಲಾರೂ ಓದ್ರು ಅಂದ್ಕೊಂಡು ವಾಪಸ್ ಬರುತ್ತೆ. ಪಕ್ಷಿಗೆ ಎಣಿಸೋಕೆ ಬರಲ್ಲ ಟೀಚರಮ್ಮ."

"ನಾನು ಟೀಚರ್ ಅಂತ ಯಾರೇಳಿದ್ರು?"

"ಸೀನಿದ್ದು ಯಾರು ಅಂತ ಕೇಳಿದ್ರಲ್ಲ, ಆಗಲೇ ಗೊತ್ತಾಯ್ತು."

ನಾನು ಹೋಗಬಾರದಿತ್ತು. ಹೋದೆ. ಒಳಗೆ ಇಬ್ಬರು ಕುಕ್ಕರಗಾಲಲ್ಲಿ ಕೂತರೆ ಮೊಣಕೈಗೆ ಮೊಣಕೈ ತಾಕುತ್ತಿತ್ತು. ಅವನ ಬೆರಳುಗಳಿಂದ ಹುಳಿ ಹುಳಿಯಾದ ಒಂದು ಔಷಧದ ವಾಸನೆ. ಗೋಣಿಯ ತೂತಿನಿಂದ ಅವನು ತೋರಿಸಿದ ಕಡೆ ನೋಡಿದೆ. ಬೆಣಚುಕಲ್ಲುಗಳ ನಡುವೆ ನಾಲ್ಕು ಮೊಟ್ಟೆ. ಕಲ್ಲು ಯಾವುದು, ಮೊಟ್ಟೆ ಯಾವುದು, ಅವನು ಬೆರಳು ಮಾಡುವವರೆಗೆ ನನಗೆ ತಿಳಿಯಲಿಲ್ಲ. ಅದು ಟಿಟ್ಟಿಭದ ಗೂಡು.

ನಾನು ಹೊರಗೆ ಬಂದು ಬೆನ್ನು ತಿರುಗಿಸಿ ನಡೆದೆ. ನೂರು ಹೆಜ್ಜೆ ಹೋಗಿ ತಿರುಗಿ ನೋಡಿದರೆ, ಹಕ್ಕಿ ನಿಜಕ್ಕೂ ಬಂದು ಮೊಟ್ಟೆಯ ಮೇಲೆ ಕೂರುತ್ತಿತ್ತು. ನನಗೆ ಖುಷಿಯಾಯಿತು, ಜೊತೆಗೆ ಆ ಬಡಪಾಯಿ ತಾಯಿಗೆ ಮೋಸ ಮಾಡಿದೆನಲ್ಲ ಎಂದು ಪಾಪವೂ ಅನ್ನಿಸಿತು.

ಅವನ ಹೆಸರು ಕೋದಂಡಪ್ಪ. ಬಂಗಾರಪೇಟೆಯವನು. ಗಣಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ಡಾರ್ಕ್‌ರೂಮಿನ ಕೆಲಸ. ವಾರವೆಲ್ಲ ಗಣಿ ಕೆಲಸಗಾರರ ಎದೆಯ ಫಿಲ್ಮ್‌ಗಳನ್ನು ತೊಳೆದು ಒಣಗಿಸುವುದು, ಭಾನುವಾರ ಹಕ್ಕಿಯ ಹಿಂದೆ ಬೀಳುವುದು. ಇಂಗ್ಲಿಷ್ ದೊರೆಗಳು ಗಂಟುಮೂಟೆ ಕಟ್ಟಿ ಹೊರಟಾಗ ಹರಾಜಿಗೆ ಬಂದ ಮಡಿಸುವ ಕ್ಯಾಮೆರಾ ಅವನದು. ಒಂದು ರೋಲಿಗೆ ಎಂಟೇ ಫೋಟೋ. ದೂರದ್ದು ಹತ್ತಿರ ಕಾಣಿಸುವ ಲೆನ್ಸ್ ಅದಕ್ಕಿರಲಿಲ್ಲವಾದ್ದರಿಂದ ಹಕ್ಕಿಯ ಮಗ್ಗುಲಲ್ಲೇ ಹೋಗಿ ಅಡಗಬೇಕಿತ್ತು. ಅಡಗಲು ಇಬ್ಬರು ಬೇಕಿತ್ತು. ಹೀಗೆ ನನ್ನ ಭಾನುವಾರಗಳು ಹೋದವು.

ಅವನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಒಂದೊಂದು ಹಕ್ಕಿಗೂ ಅದರದೇ ಗುರುತು ಬರೆಯುತ್ತಿದ್ದ. ಈ ಜೋಡಿಯಲ್ಲಿ ಹೆಣ್ಣಿಗೆ ಕಣ್ಣಿನ ಬಳಿಯ ಕೆಂಪು ತೊಗಲಿನಲ್ಲಿ ಒಂದು ಕಚ್ಚು. ಗಂಡಿಗೆ ಎಡಗಾಲಿನಲ್ಲಿ ಒಂದು ಉಗುರಿಲ್ಲ. ನನಗೆ ಎರಡೂ ಒಂದೇ.

"ಒಂದೇ ತರ ಇರೋದು ಅಂತ ಯಾವ್ದೂ ಇಲ್ಲ ಟೀಚರಮ್ಮ. ನಾವು ಸರಿಯಾಗಿ ನೋಡಿರಲ್ಲ ಅಷ್ಟೆ," ಎನ್ನುತ್ತಿದ್ದ. ಮೂರು ವಾರ ನನ್ನನ್ನು ಪರೀಕ್ಷೆ ಮಾಡಿ ಮೂರು ವಾರವೂ ಫೇಲ್ ಮಾಡಿದ. ನಾಲ್ಕನೆಯ ವಾರ ನಾನು ಪಾಸಾದೆ. ಟೀಚರನ್ನು ಪಾಸು ಮಾಡಿದ ಗರ್ವದಲ್ಲಿ ಅವನು ನಕ್ಕ ನಗೆ ನನ್ನ ಒಂದು ವಾರದ ಪಾಠವನ್ನೆಲ್ಲ ಹಾಳುಮಾಡಿತು.

ಮುಂದಿನ ಸಲ ನಾನು ಒಳಗೆ, ಅವನು ಹೊರಗೆ. ಕ್ಯಾಮೆರಾ ಹಿಡಿಯುವುದನ್ನು ಹೇಳಿಕೊಡುವಾಗ ಅವನ ಕೈ ನನ್ನ ಕೈಯ ಮೇಲಿತ್ತು. "ಒತ್ತೋವಾಗ ಉಸ್ರು ಬಿಡ್ಬಾರ್ದು" ಎಂದ. ಅದನ್ನು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಅವನು ಗುಡಾರ ಬಿಟ್ಟು ನಡೆದು ಹೋಗುತ್ತಿದ್ದಾಗ ನಾನು ತೂತಿನಿಂದ ನೋಡುತ್ತಿದ್ದೆ. ತಲೆ ತಗ್ಗಿಸಿ, ಕಲ್ಲು ಕಲ್ಲಿಗೂ ಕಾಲು ನೋಡಿಕೊಂಡು ಇಡುವ ನಡಿಗೆ. ಎಂಟರಲ್ಲಿ ಒಂದನ್ನು ನಾನು ಅದಕ್ಕೇ ಖರ್ಚು ಮಾಡಿದೆ.

ವಾರ ಕಳೆದು ಆ ಪ್ರಿಂಟನ್ನು ನನ್ನ ಮುಖದ ಮುಂದೆ ಹಿಡಿದು ಕೇಳಿದ: "ಇದ್ಯಾವ ಪಕ್ಷಿ?"

"ಬಂಗಾರಪೇಟೆ ಕಡೇದು."

"ಗುರುತು?"

"ಸೀನುತ್ತೆ."

ಅವನು ನಗಲಿಲ್ಲ. ಆ ಫೋಟೋವನ್ನು ನೋಟ್‌ಬುಕ್ಕಿನ ಮಧ್ಯೆ ಇಟ್ಟು, ಕಿವಿಯವರೆಗೂ ಕೆಂಪಾದ.

ಮೇ ತಿಂಗಳ ಬಿಸಿಲಿಗೆ ಆ ಬಯಲು ಹೆಂಚಿನಂತೆ ಕಾಯುತ್ತಿತ್ತು. ಮೊದಲ ಗೂಡಿನ ಮೊಟ್ಟೆಗಳನ್ನು ಏನೋ ತಿಂದು ಹೋಗಿ, ಅದೇ ಜೋಡಿ ಮತ್ತೆ ಮೊಟ್ಟೆ ಇಟ್ಟಿತ್ತು. ದಿಬ್ಬದ ಕೆಳಗೆ ನಿಂತ ನೀರಿಗೆ ಹೆಣ್ಣು ಹಕ್ಕಿ ಇಳಿಯುವುದು, ಹೊಟ್ಟೆಯ ಗರಿಗಳನ್ನು ನೆನೆಸಿಕೊಳ್ಳುವುದು, ಬಂದು ಮೊಟ್ಟೆಗಳ ಮೇಲೆ ಕೂತು ತಣ್ಣಗೆ ಮಾಡುವುದು. ಅದು ಎದ್ದರೆ ಗಂಡು ಬರುತ್ತಿತ್ತು. ಇಷ್ಟು ಮರ್ಯಾದೆಯ ಸಂಸಾರವನ್ನು ನಾನು ಗಣಿ ಕೆಲಸಗಾರರ ಮನೆಸಾಲಾದ ನಮ್ಮ ಲೈನಿನಲ್ಲಿ ಕಂಡಿರಲಿಲ್ಲ.

ತಿಂಗಳ ಕೊನೆಗೆ ಗಂಡು ನೀರಿನ ಅಂಚಿನಲ್ಲಿ ಸತ್ತು ಬಿದ್ದಿತ್ತು. ಎಡಗಾಲಿನಲ್ಲಿ ಉಗುರಿಲ್ಲ. ನೀರಿನಿಂದಲೋ ಬಿಸಿಲಿನಿಂದಲೋ ಹೇಳುವವರಾರು? ಹೆಣ್ಣೊಂದೇ ಎರಡು ದಿನ ಕೂತು, ಎದ್ದು ಹೋಯಿತಂತೆ. ಮೊಟ್ಟೆ ಒಡೆಯಲಿಲ್ಲ.

ಕೋದಂಡಪ್ಪ ಮಂಡಿಯೂರಿ ಆ ಹೆಣದ ಫೋಟೋ ತೆಗೆದ. ನನಗೆ ರೇಗಿಹೋಯಿತು.

"ಸತ್ತದ್ದನ್ನ ಯಾಕ್ರೀ ತೆಗೀತೀರ? ಬದುಕಿದ್ದದ್ದು ಸಾಲ್ದಾ?"

"ಕಂಡದ್ದನ್ನ ಕಂಡಿಲ್ಲ ಅನ್ನೋಕೆ ನನ್ ಕೈಲಾಗಲ್ಲ ಲಕ್ಷ್ಮಿ."

ಆದಿಲಕ್ಷ್ಮಮ್ಮ ಎಂಬ ನನ್ನ ಹೆಸರನ್ನು ಅವನು ಹಾಗೆ ಕರೆದದ್ದು ಅದೇ ಮೊದಲು. ಅದರ ಹಿಂದಿನ ಮಾತನ್ನೂ ನಾನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡೆ. ಇಂಥವನನ್ನು ನಂಬಬಹುದು ಎಂದುಕೊಂಡೆ.

ಇನ್ನು ನಮ್ಮ ಮನೆಯ ಮಾತು ಹೇಳಬೇಕು. ಅಪ್ಪ ಮುನಿಶಾಮಪ್ಪ ಇಪ್ಪತ್ತನಾಲ್ಕು ವರ್ಷ ಭೂಮಿಯೊಳಗೆ ಕಲ್ಲು ಕೊರೆದವನು. ಸಂಕ್ರಾಂತಿಯಿಂದ ಕೆಮ್ಮು ಹಿಡಿದಿತ್ತು. ಯಾವ ಕೆಮ್ಮು ಎಂದು ಲೈನಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಕಲ್ಲಿನ ಧೂಳು ಎದೆಯಲ್ಲಿ ಕೂತರೆ ಬರುವ ಕೆಮ್ಮು ಎಲ್ಲರಿಗೂ ಗೊತ್ತು. ಎಕ್ಸ್‌ರೇಯಲ್ಲಿ ಅದು ಕಂಡರೆ ಕೆಳಗಿನ ಕೆಲಸ ನಿಲ್ಲುತ್ತದೆ, ಕೆಲಸದ ಜೊತೆ ಲೈನಿನ ಮನೆಯೂ ಹೋಗುತ್ತದೆ ಎಂದು ನಮಗೆಲ್ಲ ಭಯ.

ಜೂನ್‌ನಲ್ಲಿ ಎಕ್ಸ್‌ರೇಗೆ ಅಪ್ಪನ ಸರದಿ ಬಂತು. ಹಿಂದಿನ ದಿನ ಕ್ಯಾಸಂಬಳ್ಳಿಯಿಂದ ನನ್ನ ಅತ್ತೆಯ ಮಗ ಆದಿನಾರಾಯಣ ಬಸ್ಸಿನಲ್ಲಿ ಬಂದಿಳಿದ. ನೇಗಿಲು ಹೂಡುವ ಆಳು, ಎದೆ ಅಂದರೆ ಎದೆ. ಯಾರೂ ಏನೂ ವಿವರಿಸಬೇಕಾಗಲಿಲ್ಲ. ಗಣಿಯಲ್ಲಿ ಮನುಷ್ಯನ ಗುರುತು ಅಂದರೆ ಒಂದು ನಂಬರಿನ ಹಿತ್ತಾಳೆ ಬಿಲ್ಲೆ. ಬಿಲ್ಲೆ ಯಾರ ಕೈಯಲ್ಲಿದೆಯೋ ಅವನೇ ಆ ನಂಬರು.

"ಒಂದು ವರ್ಷ ಅಷ್ಟೆ ಪಾಪ," ಎಂದ ಅಪ್ಪ. ನನಗೆ ಇಪ್ಪತ್ತೆರಡು ತುಂಬಿದ್ದರೂ ಅವನಿಗೆ ನಾನು ಪಾಪ. "ನಿನ್ ಮದ್ವೆ ಒಂದಾಗ್ಲಿ. ಮನೆ ಇಲ್ದೋನ ಮಗಳನ್ನ ಯಾರು ಮಾಡ್ಕೊತಾರೆ? ಆಮೇಲೆ ನಾನೇ ಓಗಿ ನಿಂತ್ಕೊಂತೀನಿ."

ಗೂಟದಲ್ಲಿ ತೂಗುತ್ತಿದ್ದ ಅಪ್ಪನ ಬಿಲ್ಲೆಯನ್ನು ತೆಗೆದು ಆದಿನಾರಾಯಣನ ಕೈಗೆ ಕೊಟ್ಟವಳು ನಾನು. ಓದಿದವಳು, ಮಕ್ಕಳಿಗೆ ಸತ್ಯ ಹೇಳಬೇಕು ಎಂದು ಪಾಠ ಮಾಡುವವಳು. ಆಗ ನನಗೆ ಹೆದರಿಕೆ ಇದ್ದದ್ದು ಒಂದೇ. ಆ ಫಿಲ್ಮ್ ತೊಳೆಯುವವನು ಕೋದಂಡಪ್ಪ. ಗೊತ್ತಾದರೆ ಅವನು ಸುಮ್ಮನಿರುವವನಲ್ಲ.

ಫಿಲ್ಮ್ ಕ್ಲೀನಾಗಿದೆ ಎಂದು ಬಂತು. ಅಮ್ಮ ಪಾಯಸ ಮಾಡಿದಳು. ಸದ್ಯ ಅವನಿಗೆ ಗೊತ್ತಾಗಲಿಲ್ಲ ಎಂದು ನಾನೂ ಎರಡು ಲೋಟ ಕುಡಿದೆ.

ಆ ಭಾನುವಾರ ಅವನು ಒಂದು ಫೋಟೋವನ್ನೂ ತೆಗೆಯಲಿಲ್ಲ. ಕ್ಯಾಮೆರಾ ಮಡಿಸಿ ಮಡಿಲಲ್ಲಿಟ್ಟುಕೊಂಡು ಕೇಳಿದ: "ನೀವು ಈ ಊರು ಬಿಟ್ಟು ಓಗೋದೇನಾದ್ರೂ ಉಂಟಾ?"

"ಯಾಕೆ ಓಗ್ಲಿ?"

"ಸುಮ್ನೆ ಕೇಳ್ದೆ."

ಅದನ್ನು ನಾನು ಪ್ರೀತಿ ಎಂದುಕೊಂಡೆ. ಅದು ಪ್ರೀತಿಯೇ ಆಗಿತ್ತು ಅನ್ನುವುದೇ ಈ ಕಥೆಯ ಸಂಕಟ.

ಮಳೆಗಾಲ ನಮಗೆ ಗೀಜಗಗಳದು. ಹಳೆಯ ಬಾವಿಯ ಮೇಲೆ ಬಾಗಿದ ಈಚಲ ಮರದಲ್ಲಿ ಗೂಡು ನೇಯುವ ಗಂಡುಗಳು, ಬಂದು ಮೂಗು ಮುರಿದು ಹೋಗುವ ಹೆಣ್ಣುಗಳು. "ಒಂದು ಮನೆ ಕಟ್ಟಿ ತೋರ್ಸೋ ತನಕ ತಿರುಗೂ ನೋಡಲ್ಲ ನೋಡಿ," ಎಂದು ಅವನು ಹೇಳಿದರೆ, "ಸರಿಯಾಗೇ ಮಾಡ್ತವೆ" ಎಂದು ನಾನು. ಮನೆಗೆ ಬಂದರೆ ಅಪ್ಪನ ಕೆಮ್ಮು. ದಿನವೂ ಬೆಳಿಗ್ಗೆ ಅವನು ಗಣಿಯ ಕೇಜಿನಲ್ಲಿ ನಿಂತು ಕೆಳಗಿಳಿಯುತ್ತಿದ್ದ. ಅಕ್ಟೋಬರಿಗೆ ನೀರಿನ ಕೊಡ ಎತ್ತಿದರೂ ಏದುಸಿರು. ನಾನು ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದೆ. ಭಾನುವಾರ ಒಂದು ಲೋಕ, ಉಳಿದ ಆರು ದಿನ ಇನ್ನೊಂದು.

ಗೀಜಗಕ್ಕೆ ಲೆಕ್ಕ ಬರದಿದ್ದರೂ ಪಕ್ಕದ ಮನೆ ಅಕ್ಕಯ್ಯಮ್ಮನಿಗೆ ಬರುತ್ತಿತ್ತು. ಗೋಣಿಯೊಳಗೆ ಇಬ್ಬರು ಹೋಗಿ ಒಬ್ಬರು ಬಂದದ್ದನ್ನು ಅವಳು ದಿಬ್ಬದ ಮೇಲಿಂದ ಎಣಿಸಿ, ಬಂದು ಅಮ್ಮನ ಕಿವಿಗೆ ಹಾಕಿದಳು. ಅಮ್ಮ ನನ್ನ ಜಡೆ ಹಿಡಿದು ಒಂದು ಕೊಟ್ಟಳು. ಅಪ್ಪ ಮಾತ್ರ, "ಉಡ್ಗನ್ನ ಮನೆಗೆ ಕರಿ. ಮೊಕ ನೋಡಾನ" ಎಂದ.

ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಅವನು ಬಿಳಿ ಷರ್ಟು ಹಾಕಿಕೊಂಡು ಬಂದ. ಕಂದು ಕಾಗದದಲ್ಲಿ ಸುತ್ತಿದ ಫೋಟೋಗಳ ಕಟ್ಟು ಕೈಯಲ್ಲಿ. ಅಪ್ಪ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಹಕ್ಕಿಗೆ ಅಪ್ಪನ ಬಾಯಲ್ಲಿ ತೆಲುಗಿನ ಪಿಟ್ಟ ಅನ್ನುವುದೇ ಮಾತು.

"ನೋಡೇ ಮುನಿಯಮ್ಮ, ಈ ಪಿಟ್ಟ ಎಂಗೆ ಕೂತೈತೆ! ನಾನು ಇಪ್ಪತ್ತನಾಲ್ಕು ವರ್ಷ ಬೆಳಕೇ ಇಲ್ದ ಕಡೆ ಗೇದೋನು. ಮೇಲೆ ಇಷ್ಟೊಂದು ಅವೆ ಅಂತ ಗೊತ್ತೇ ಇರ್ಲಿಲ್ಲ ಕಣಪ್ಪ."

ಅಷ್ಟು ಹೇಳುವುದರೊಳಗೆ ಕೆಮ್ಮು ಬಂತು. ನಿಲ್ಲಲಿಲ್ಲ. ಅಮ್ಮ ಓಡಿಬಂದು ಅವನ ಅಂಗಿಯ ಗುಂಡಿ ಬಿಚ್ಚಿ ಎದೆಗೆ ಕರ್ಪೂರದ ಎಣ್ಣೆ ತಿಕ್ಕತೊಡಗಿದಳು. ಎಡಗಡೆ ಪಕ್ಕೆಯಲ್ಲಿ, ಹಿಂದೊಮ್ಮೆ ಕಲ್ಲು ಬಿದ್ದು ಮೂಳೆ ಮುರಿದು ಕೂಡಿದ ಗಂಟು ಕಾಣುತ್ತಿತ್ತು.

ನಾನು ಕೋದಂಡಪ್ಪನನ್ನು ನೋಡಿದೆ. ಅವನ ಕಣ್ಣು ಆ ಗಂಟಿನ ಮೇಲೆ ನಿಂತಿತ್ತು. ನೋಟ್‌ಬುಕ್ಕಿನ ಗುರುತನ್ನು ಹಕ್ಕಿಯ ಮೈಮೇಲೆ ಹುಡುಕಿ ಖಚಿತ ಮಾಡಿಕೊಳ್ಳುವಾಗ ಅವನು ನೋಡುವ ರೀತಿ ನನಗೆ ಗೊತ್ತಿಲ್ಲವೇ?

ಅಪ್ಪ ಉಸಿರು ಸಿಕ್ಕ ಕೂಡಲೇ, "ಏನಿಲ್ಲಪ್ಪ, ಶೀತ. ಎಕ್ಸ್‌ರೇ ಕ್ಲೀನು. ನೀನೇ ತೊಳ್ದಿರ್ತೀಯಲ್ಲ?" ಎಂದು ನಕ್ಕ.

"ಊಂ" ಎಂದು ಅವನು ತಲೆ ತಗ್ಗಿಸಿದ.

ವಿಷಯ ಆಗಷ್ಟೇ ಗೊತ್ತಾದವನು ತಲೆ ಎತ್ತುತ್ತಾನೆ. ಅವನು ತಗ್ಗಿಸಿದ. ಅಪ್ಪ ಮದುವೆಗೆ ಒಪ್ಪಿದ್ದು, ಅಮ್ಮ ಕಾಫಿ ಕೊಟ್ಟದ್ದು, ಯಾವುದೂ ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ.

ಸಂಜೆ ಅವನ ಹಿಂದೆಯೇ ಊರಿಗಾಂ ಸ್ಟೇಷನ್ನಿಗೆ ಹೋದೆ. ಬಂಗಾರಪೇಟೆ ರೈಲಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರಂನ ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂತಿದ್ದ.

"ಯಾವಾಗಿಂದ ಗೊತ್ತು?"

"ಏನು?"

"ಪಕ್ಷಿ ಕಾಲಲ್ಲಿ ಒಂದು ಉಗುರಿಲ್ಲದ್ದು ಮೂವತ್ತು ಗಜದಿಂದ ಕಂಡೋರು ನೀವು. ನನ್ ಅತ್ರ ನಾಟಕ ಬೇಡ."

"ಜೂನಿಂದ. ಫಿಲ್ಮ್ ಇನ್ನೂ ನೀರಲ್ಲಿರೋವಾಗ್ಲೇ. ಹಳೇ ಫಿಲ್ಮಲ್ಲಿದ್ದ ಕೂಡಿದ ಮೂಳೆ ಗಂಟು ಎಲ್ಲಿಗೋಗುತ್ತೆ? ಆ ಎದೆ ನಿಮ್ಮಪ್ಪಂದಲ್ಲ."

"ಡಾಕ್ಟರಿಗೆ ಗೊತ್ತಾಗ್ಲಿಲ್ವಾ?"

"ಹಳೇ ಫಿಲ್ಮ್ ಪಕ್ಕದಲ್ಲಿಟ್ರೆ ಗೊತ್ತಾಗ್ತಿತ್ತು. ತೆಗೆದಿಡೋದು ನನ್ ಕೆಲ್ಸ. ಸಿಗ್ಲಿಲ್ಲ ಅಂತೇಳ್ದೆ. ನನ್ ಮೇಜಿನ ಡ್ರಾಯರಲ್ಲೈತೆ."

"ಯಾಕೆ?"

ಅವನು ನನ್ನ ಮುಖ ನೋಡಿದ. ಇಷ್ಟು ತಿಂಗಳು ನಾನು ಕಾಯುತ್ತಿದ್ದ ಮಾತು ಅದು. ಗೋಣಿಯೊಳಗೆ ಹೇಳುತ್ತಾನೆ, ಈಚಲ ಮರದ ಕೆಳಗೆ ಹೇಳುತ್ತಾನೆ ಎಂದು ಕಾದಿದ್ದೆ. ಇಲ್ಲಿ ಹೇಳಿದ.

"ನಾನ್ ಬಾಯಿ ಬಿಟ್ರೆ ನಿಮ್ಮಪ್ಪನ್ನ ಮೇಲಕ್ಕಾಕ್ತಿದ್ರು. ಮನೆ ಓಗ್ತಿತ್ತು. ನೀವೆಲ್ಲ ಬೂದಿಕೋಟೆ ಕಡೆ ನಿಮ್ಮೂರಿಗೋಗ್ತಿದ್ರಿ. ನಂಗೆ ನಿಮ್ಮನ್ನ ಬಿಟ್ಟಿರೋಕಾಗಲ್ಲ ಲಕ್ಷ್ಮಿ. ನಿಮ್ಮಪ್ಪನ ಎದೆನಾ, ನಮ್ ಭಾನುವಾರನಾ ಅಂತ ನೋಡ್ದೆ. ಭಾನುವಾರ ಇಟ್ಕೊಂಡೆ."

ಅವನ ಕೆನ್ನೆಗೆ ಹೊಡೆಯಬೇಕೆಂದು ಕೈ ಎತ್ತಿದೆ. ಬಿಲ್ಲೆ ಕೊಟ್ಟ ಕೈಯೇ ಅದು ಎಂದು ಕಂಡಾಗ ತಾನಾಗಿ ಇಳಿಯಿತು.

"ಕಂಡದ್ದನ್ನ ಕಂಡಿಲ್ಲ ಅನ್ನೋಕಾಗಲ್ಲ ಅಂದಿದ್ರಿ," ಎಂದೆ. "ನನ್ ಮಾತೂ ಕೇಳ್ಕೊಳ್ಳಿ. ಆ ಬಿಲ್ಲೆ ಗೂಟದಿಂದ ತೆಗೆದು ಕೊಟ್ಟೋಳು ನಾನೇ. ನೀವು ಕಂಡುಹಿಡಿದುಬಿಡ್ತೀರ ಅಂತ ಎದರ್ಕೊಂಡಿದ್ದೆ. ಕಂಡುಹಿಡೀಲಿಲ್ಲ ಅಂತ ಪಾಯಸ ಕುಡಿದೆ."

ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು, ಮೊಣಕೈಗೆ ಮೊಣಕೈ ತಾಕಿಸಿಕೊಂಡು, ಹಕ್ಕಿ ಎಷ್ಟು ಚಂದ ಎಂದು ಐದು ತಿಂಗಳು ಕೂತಿದ್ದೆವು. ಆ ಐದು ತಿಂಗಳೂ ಅಪ್ಪ ಕೆಳಗೆ ಧೂಳು ಕುಡಿದಿದ್ದ.

"ನಾಳೆ ಬೆಳಿಗ್ಗೆ ಡಾಕ್ಟರ ಮುಂದೆ ಆ ಹಳೇ ಫಿಲ್ಮ್ ಇಡಿ. ನಾನೂ ಬತ್ತೀನಿ," ಎಂದೆ.

"ನನ್ ಕೆಲ್ಸ ಓಗುತ್ತೆ."

"ನಮ್ ಮನೆ ಓಗುತ್ತೆ."

"ನೀನೂ ಓಗ್ತೀಯ."

"ಊಂ."

ಮೊದಲ ಸಲ ನೀನು ಎಂದಿದ್ದ. ರೈಲು ಬಂತು. ಅವನು ಹತ್ತಿ, ಬಾಗಿಲಲ್ಲಿ ನಿಂತು, ಆಗಲಿ ಎಂದು ತಲೆ ಆಡಿಸಿದ. ನಾನು ಮನೆಗೆ ಬಂದು ಅಪ್ಪನಿಗೆ ಮುದ್ದೆ ಬಡಿಸಿದೆ. ಊಟ ಮಾಡುತ್ತ ಅವನು ಮದುವೆಗೆ ಯಾರ್ಯಾರನ್ನು ಕರೆಯಬೇಕೆಂದು ಹೇಳುತ್ತಿದ್ದ.

ಮಾರನೆಯ ದಿನ ಎಲ್ಲ ನಡೆಯಿತು. ಅಪ್ಪನನ್ನು ಕರೆಸಿ ಹೊಸ ಎಕ್ಸ್‌ರೇ ತೆಗೆದರು. ಫಿಲ್ಮನ್ನು ಬೆಳಕಿಗೆ ಹಿಡಿದಾಗ ಎರಡೂ ಕಡೆ ರಾಗಿ ಚೆಲ್ಲಿದಂತೆ ಬಿಳಿ ಚುಕ್ಕೆ. ಜೂನಿನಲ್ಲೇ ಗೊತ್ತಾಗಿದ್ದರೆ ಎಂದು ನಾನು ಕೇ‍ಳಿದೆ. ಇದು ವರ್ಷಗಳ ಧೂಳಮ್ಮ, ಐದು ತಿಂಗಳು ಎಷ್ಟು ತಿಂದಿದೆ ಅಂತ ಹೇಳೋಕೆ ಯಾರಿಗೂ ಆಗಲ್ಲ ಎಂದರು ಡಾಕ್ಟರು. ಹೆಚ್ಚಿಗೆ ತಿಂದಿದೆ ಅಂದಿದ್ದರೆ ಅಳುತ್ತಿದ್ದೆ, ಏನೂ ತಿಂದಿಲ್ಲ ಅಂದಿದ್ದರೆ ಉಸಿರು ಬಿಡುತ್ತಿದ್ದೆ. ಎರಡಕ್ಕೂ ದಾರಿಯಿಲ್ಲದೆ ಹೋಯಿತು.

ಆಸ್ಪತ್ರೆಯ ವರಾಂಡದಲ್ಲಿ ಕೋದಂಡಪ್ಪ ಎದುರಿಗೆ ಬಂದಾಗ ಅಪ್ಪ ನೆಲಕ್ಕೆ ಉಗಿದ. "ಇವ್ನು ನನ್ ಮನೆ ವಸ್ಲು ತುಳೀಬಾರ್ದು" ಎಂದು ನನಗೆ ಹೇಳಿದ. ಸಂಕ್ರಾಂತಿಯೊಳಗೆ ನಾವು ಲೈನಿನ ಮನೆ ಖಾಲಿ ಮಾಡಿ ಬೂದಿಕೋಟೆ ಪಕ್ಕದ ನಮ್ಮ ಹಳ್ಳಿಗೆ ಬಂದೆವು. ನನಗೆ ಬೂದಿಕೋಟೆ ಸ್ಕೂಲು ಸಿಕ್ಕಿತು. ಕೋದಂಡಪ್ಪನಿಗೆ ಆಸ್ಪತ್ರೆಯ ಕೆಲಸ ಹೋಯಿತು. ಬಂಗಾರಪೇಟೆಯ ಒಂದು ಸ್ಟುಡಿಯೋದಲ್ಲಿ ಫೋಟೋಗ್ರಾಫರನಾದ.

ಆಮೇಲೆ ಎರಡು ವರ್ಷ ಕಾರ್ಡುಗಳು. ಅಂಚೆಯವನಿಂದ ಹಿಡಿದು ಊರೆಲ್ಲ ಓದುವ ಕಾರ್ಡಿನಲ್ಲಿ ಬರೆಯುವುದಾದರೂ ಏನನ್ನು? ಹಕ್ಕಿ ಬರೆದೆವು.

"ಕೆರೆಯ ಕೋಡಿಯ ಬಳಿ ಎರಡು ಬೂದು ಬಕ. ಒಂದರ ಕೊಕ್ಕು ತುದಿಯಲ್ಲಿ ಮುರಿದಿದೆ. ಬಾಲ ಕುಣಿಸುವ ಸಿಪಿಲೆಗಳು ಈ ಸಲ ತಡವಾಗಿ ಬಂದವು," ಎಂದು ನಾನು.

"ಸ್ಟುಡಿಯೋದ ಸೂರಿನಲ್ಲಿ ಗುಬ್ಬಿ ಮೂರನೆಯ ಸಲ ಮರಿ ಮಾಡಿದೆ. ಮದುವೆ ಗಂಡುಗಳಿಗೆ ಅಲ್ಲಾಡಬೇಡಿ ಎಂದರೆ ತಿಳಿಯುವುದಿಲ್ಲ. ಆ ಮುರಿದ ಕೊಕ್ಕಿನದು ಮತ್ತೆ ಬಂತೇ?" ಎಂದು ಅವನು.

ಒಂದರಲ್ಲೂ ಪ್ರೀತಿಯ ಮಾತಿರಲಿಲ್ಲ. ಪ್ರತಿಯೊಂದನ್ನೂ ನಾನು ಹತ್ತು ಸಲ ಓದಿ ಸೀರೆಯ ಮಡಿಕೆಯಲ್ಲಿಡುತ್ತಿದ್ದೆ. ಅವನನ್ನು ನೋಡಬೇಕೆನ್ನಿಸಿದಾಗೆಲ್ಲ ಜಗಲಿಯಿಂದ ಅಪ್ಪನ ಕೆಮ್ಮು ಕೇಳುತ್ತಿತ್ತು.

ಕೊನೆಕೊನೆಗೆ ಅಪ್ಪ ಮಲಗಲಾರದೆ ಕೂತೇ ಇರುತ್ತಿದ್ದ. ಅಮ್ಮ ಹೊಲಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ನನ್ನನ್ನು ಕರೆದು, "ಅವತ್ತು ಅವ್ನು ಯಾಕೇಳಿದ್ದು?" ಎಂದು ಕೇಳಿದ. ನಾನು ಎಲ್ಲವನ್ನೂ ಹೇಳಿದೆ. ಡ್ರಾಯರಿನಲ್ಲಿ ಬಚ್ಚಿಟ್ಟ ಫಿಲ್ಮ್, ಐದು ತಿಂಗಳು, ಯಾಕೆ ಎನ್ನುವುದು, ಕೊನೆಗೆ ಸ್ಟೇಷನ್ನಿನಲ್ಲಿ ಒತ್ತಾಯ ಮಾಡಿದವಳು ನಾನು ಎನ್ನುವುದು.

ಅಪ್ಪ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಬಾಯಿ ಮುಚ್ಕೊಂಡಿದ್ದಕ್ಕೆ ನಂಗೆ ಸಿಟ್ಟಿಲ್ಲ ಪಾಪ. ನಾನೂ ಅದ್ನೇ ಅಲ್ವಾ ಬೇಡಿದ್ದು? ಬಾಯಿ ಬಿಟ್ರಲ್ಲ ನೀವಿಬ್ರೂ, ಅದಕ್ಕೆ ಸಿಟ್ಟು. ಲೈನಲ್ಲಿ, ನನ್ ಜನದ ಮಧ್ಯ ಓಗ್ಬಿಡ್ತಿದ್ದೆ. ಇಲ್ಲಿ ನಂಗೆ ಯಾರವ್ರೆ?"

1961ರ ಫೆಬ್ರವರಿಯಲ್ಲಿ, ಹೊತ್ತು ಮೂಡುವಾಗ, ಅಪ್ಪ ಹೋದ.

ನಮ್ಮ ಕಡೆ ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹೂವಿನ ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸುವ ಪದ್ಧತಿ ಉಂಟು. ಅಪ್ಪನಿಗೆ ಬೇರೆ ಫೋಟೋ ಇರಲಿಲ್ಲ. ನಾನೂ ಕೋದಂಡಪ್ಪನೂ ಅಷ್ಟು ತಿಂಗಳು ಅಷ್ಟು ರೋಲು ಖರ್ಚು ಮಾಡಿದ್ದೆವು. ಒಂದೇ ಒಂದು ಸಲ ಅಪ್ಪನ ಕಡೆ ಕ್ಯಾಮೆರಾ ತಿರುಗಿಸಬೇಕೆಂದು ನಮಗೆ ತೋಚಿರಲಿಲ್ಲ. ಅಪ್ಪನ ಚಿತ್ರ ಎಂದು ಈ ಲೋಕದಲ್ಲಿದ್ದದ್ದು ಆಸ್ಪತ್ರೆಯ ಆ ಎರಡು ಫಿಲ್ಮ್‌ಗಳು ಮಾತ್ರ.

"ಬಂಗಾರಪೇಟೆಗೆ ಆಳು ಕಳ್ಸು," ಎಂದಳು ಅಮ್ಮ. "ಯಾರು ಬತ್ತಾರೆ ಅಂತ ನಂಗೆ ಗೊತ್ತು. ಬರ್ಲಿ. ಫೋಟೋ ಅಂಗ್ಳದಲ್ಲಿ ತಾನೆ ತೆಗ್ಯೋದು? ವಸ್ಲು ತುಳ್ಯೋದೇನೈತೆ?"

ಅವನು ಸೈಕಲ್ಲಿನಲ್ಲಿ ಬಂದ. ಸ್ಟುಡಿಯೋದ ದೊಡ್ಡ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಕರಿಬಟ್ಟೆ. ತೆಳ್ಳಗಾಗಿದ್ದ. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ಎರಡು ವರ್ಷ ಕಾಣದ ಮುಖವನ್ನು ಹೆಣದ ಪಕ್ಕ ನಿಂತು ಕಣ್ತುಂಬ ನೋಡಿದೆ. ನಾಚಿಕೆಯಾಗಲಿಲ್ಲ, ದುಃಖವೂ ಕಮ್ಮಿಯಾಗಲಿಲ್ಲ.

ಕರಿಬಟ್ಟೆಯೊಳಗೆ ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇದ್ದ. ಹೊರಗೆ ಬಂದಾಗ ಮುಖ ಒದ್ದೆಯಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ, ಬಾವಿಯ ಕಟ್ಟೆಯ ಬಳಿ ಅವನು ಕಾಲು ತೊಳೆಯುತ್ತಿದ್ದಾಗ ಹೋಗಿ ನಿಂತೆ. ಅಪ್ಪ ಹೇಳಿದ ಮಾತನ್ನು ಹೇಳಿದೆ. ಅವನು ಚೊಂಬನ್ನು ಕಟ್ಟೆಯ ಮೇಲಿಟ್ಟ.

"ಐದು ತಿಂಗ್ಳಿಗೆ ಶಾಪ ಆಕವ್ರೆ ಅಂದ್ಕೊಂಡಿದ್ದೆ."

"ಅವ್ರು ಹಾಕ್ಲಿಲ್ಲ. ಹಾಕಿರೋದು ನಾನು. ನಿಂಗೂ, ನಂಗೂ."

"ನನ್ನ ಕ್ಷಮಿಸೋಕಾಗಲ್ವಾ ಲಕ್ಷ್ಮಿ?"

"ಇಲ್ಲ," ಎಂದೆ. "ಆದ್ರೆ ನೀನಿಲ್ದೆ ಇರೋಕೂ ಆಗಲ್ಲ. ಎರಡು ವರ್ಷ ನೋಡಿದೀನಿ. ಬೇರೆ ಯಾರನ್ನ ಮಾಡ್ಕೊಂಡ್ರೂ ಅವನ ಅತ್ರ ಇದನ್ನ ಮುಚ್ಚಿಡ್ಬೇಕು. ನನ್ ಕೈಲಿ ಮುಚ್ಚಿಡೋದು ಇನ್ನಾಗಲ್ಲ."

ಅವನು ನನ್ನ ಕೈ ಹಿಡಿಯಲು ಬಂದು, ಸೂತಕದ ಮನೆಯೆಂದು ನೆನಪಾಗಿ ಹಿಂದೆಗೆದುಕೊಂಡ.

"ತಿಥಿ ಆದ್ಮೇಲೆ ಬಾ. ಅಮ್ಮಂಗೆ ನೀನೇ ಏಳು. ಬಾಯಿ ಬಿಟ್ಟದ್ದು ಅವಳಿಗೆ ಗೊತ್ತು, ಬಾಯಿ ಮುಚ್ಕೊಂಡಿದ್ದು ಗೊತ್ತಿಲ್ಲ. ಅದರಿಂದ ಶುರು ಮಾಡು."

"ಬ್ಯಾಡ ಅಂದ್ರೆ?"

"ಅಂದ್ರೆ ಕೇಳ್ಕೋಬೇಕು. ಇಬ್ರೂ."

ಹದಿನೈದು ದಿನ ಬಿಟ್ಟು ಅವನು ಬಂದ. ಅಮ್ಮ ಜಗಲಿಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಅವನು ಅಂಗಳದಲ್ಲೇ ನಿಂತು, ನೆಲ ನೋಡಿಕೊಂಡು, ಒಂದನ್ನೂ ಬಿಡದೆ ಹೇಳಿದ. ಫಿಲ್ಮ್, ಡ್ರಾಯರು, ಭಾನುವಾರ. ಅಮ್ಮನ ಮೊರ ಒಂದು ಸಲವೂ ನಿಲ್ಲಲಿಲ್ಲ.

"ಬಿಲ್ಲೆ ತೆಗೆದು ಕೊಟ್ಟೋಳು ಇವಳು. ಗೊತ್ತಾ ನಿಂಗೆ?" ಎಂದು ಕೊನೆಗೆ ಕೇಳಿದಳು.

"ಗೊತ್ತಮ್ಮ."

"ಅವತ್ತು ಆದಿನಾರಾಯಣಂಗೆ ಒಟ್ಟೆ ತುಂಬ ಬಡಿಸಿ, ಇವಳಪ್ಪನ ನೀಲಿ ಅಂಗಿ ತೊಡಿಸಿ ಕಳಿಸ್ದೋಳು ನಾನು. ಅದು ಗೊತ್ತಾ?"

ಅವನು ತಲೆ ಎತ್ತಿ ಅಮ್ಮನನ್ನು ನೋಡಿದ.

ಅಮ್ಮ ಮೊರದಿಂದ ಕಲ್ಲೊಂದನ್ನು ಆರಿಸಿ ಅಂಗಳಕ್ಕೆಸೆದಳು. "ಇಬ್ರೂ ಮದ್ವೆ ಮಾಡ್ಕೊಂಡು ಒಂದೇ ಕಡೆ ಬಿದ್ದಿರಿ. ಇನ್ನೊಬ್ರ ಮನೆ ಕೆಡೋದು ಬ್ಯಾಡ."

ಆಮೇಲೆ ಮೊರ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ಅವನಿಗೆ ಕಾಫಿ ಕಾಸಲು ಒಳಗೆ ಹೋದಳು.